ಯುದ್ಧ ಮುಗಿದ ಮೇಲೆ ಉಳಿಯುವ ಕಥೆ: ‘ಎ ಫೀಸ್ಟ್ ಫಾರ್ ಕ್ರೋಸ್’ ನಿಧಾನವಾಗಿರುವುದೇಕೆ

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್’ ಫ್ಯಾಂಟಸಿ ಕಾದಂಬರಿ ಸರಣಿಯ ನಾಲ್ಕನೆಯ ಸಂಪುಟವಾದ ‘ಎ ಫೀಸ್ಟ್ ಫಾರ್ ಕ್ರೋಸ್’ ಅನ್ನು ಮೊದಲ ಸಲ ಓದುವಾಗ, ನೂರಾರು ಪುಟ ಕಳೆದರೂ ಸರಣಿಯ ಮುಖ್ಯ ಪಾತ್ರಗಳಾದ ಜಾನ್ ಸ್ನೋ, ಟಿರಿಯನ್, ಡೆನೇರಿಸ್ ಈ ಮೂವರಲ್ಲಿ ಒಬ್ಬರ ಅಧ್ಯಾಯವೂ ಬಾರದಿದ್ದುದನ್ನು ಕಂಡು, ನನ್ನ ಪ್ರತಿಯಲ್ಲೇ ಏನೋ ದೋಷವಿರಬೇಕೆಂದು ಪುಟಗಳನ್ನು ಹಿಂದೆ ಮುಂದೆ ತಿರುವಿ ನೋಡಿದ್ದೆ. ದೋಷ ಪ್ರತಿಯಲ್ಲಿರಲಿಲ್ಲ. ಆ ಮೂವರಿಗೂ ಈ ಸಂಪುಟದಲ್ಲಿ ಒಂದು ಅಧ್ಯಾಯವೂ ಇಲ್ಲ. ಸರಣಿಯ ಅಭಿಮಾನಿಗಳಲ್ಲಿ ಬಹುಮಂದಿ ಈ ಪುಸ್ತಕವನ್ನು ಅತ್ಯಂತ ದುರ್ಬಲ ಕೊಂಡಿಯೆಂದು ಹೇಳುವುದಕ್ಕೆ ಮೊದಲ ಕಾರಣ ಇದೇ. ನಾನೂ ಕೆಲವು ಕಾಲ ಹಾಗೆಯೇ ಹೇಳುತ್ತಿದ್ದೆ. ಮೂರನೆಯ ಓದಿನ ಹೊತ್ತಿಗೆ ಅಭಿಪ್ರಾಯ ಬದಲಾಯಿತು. ಈಗ ಐದು ಸಂಪುಟಗಳಲ್ಲಿ ಇದನ್ನೇ ನಾನು ಹೆಚ್ಚು ಸಲ ಕೈಗೆತ್ತಿಕೊಳ್ಳುತ್ತೇನೆ. ಪುಸ್ತಕ ಈ ಆಕಾರ ಪಡೆದದ್ದು ಹೇಗೆ, ಅದರ ನಿಧಾನಗತಿ ಯಾವ ಕೆಲಸ ಮಾಡುತ್ತದೆ, ಎಲ್ಲಿ ಅದು ನಿಜವಾಗಿಯೂ ಸೋಲುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ನೋಡುವ ಉದ್ದೇಶ ನನ್ನದು. ಕಥೆಯ ಮುಖ್ಯ ತಿರುವುಗಳನ್ನು ಹೇಳದೆ ಇದು ಸಾಧ್ಯವಿಲ್ಲವಾದ್ದರಿಂದ, ಇನ್ನೂ ಓದದವರು ಮುಂದುವರಿಯುವ ಮೊದಲು ಯೋಚಿಸಬೇಕು.

ಮೊದಲು ಆಕಾರದ ಪ್ರಶ್ನೆ. ಸರಣಿಯ ಮೊದಲ ಸಂಪುಟ 1996ರಲ್ಲಿ, ಮೂರನೆಯದಾದ ‘ಎ ಸ್ಟಾರ್ಮ್ ಆಫ್ ಸೋರ್ಡ್ಸ್’ 2000ದಲ್ಲಿ ಹೊರಬಂದವು. ಆ ಮೂರನೆಯ ಸಂಪುಟದ ಕೊನೆಯಲ್ಲಿ ಕಥೆ ಒಂದು ದೊಡ್ಡ ನಿಲುಗಡೆಗೆ ಬಂದಿತ್ತು. ಸಿಂಹಾಸನಕ್ಕಾಗಿಯೋ ಸ್ವಂತ ರಾಜ್ಯಕ್ಕಾಗಿಯೋ ಹೋರಾಡಿದ ಐವರು ರಾಜರಲ್ಲಿ ನಾಲ್ವರು ಸತ್ತಿದ್ದರು, ಯುದ್ಧ ಗೆದ್ದ ಟೈವಿನ್ ಲ್ಯಾನಿಸ್ಟರ್ ತನ್ನ ಮಗನ ಕೈಯಲ್ಲೇ ಸತ್ತಿದ್ದ, ಸ್ಟಾರ್ಕ್ ಮನೆತನದ ಹುಡುಗಿ ಆರ್ಯಾ ಹಡಗು ಹತ್ತಿ ಬ್ರಾವೋಸ್ ನಗರಕ್ಕೆ ಹೊರಟಿದ್ದಳು, ಅವಳ ಅಕ್ಕ ಸಾನ್ಸಾ ಬೇರೊಂದು ಹೆಸರಿನಲ್ಲಿ ಬೆಟ್ಟಗಳ ನಡುವಿನ ಕಣಿವೆ ನಾಡಿನಲ್ಲಿ ಅಡಗಿದ್ದಳು. ಇಲ್ಲಿಂದ ಮುಂದಕ್ಕೆ ಐದು ವರ್ಷಗಳನ್ನು ಹಾರಿಸಿ ಕಥೆಯನ್ನು ಮತ್ತೆ ಆರಂಭಿಸುವುದು ಮಾರ್ಟಿನ್ ಅವರ ಯೋಜನೆಯಾಗಿತ್ತು. ಅದಕ್ಕೆ ಸಮಂಜಸವಾದ ಕಾರಣವೂ ಇತ್ತು. ಮೊದಲ ಸಂಪುಟದಲ್ಲಿ ಆರ್ಯಾಳಿಗೆ ಒಂಬತ್ತು, ಅವಳ ತಮ್ಮ ಬ್ರಾನ್‌ಗೆ ಏಳು ವರ್ಷ. ಪುಸ್ತಕಗಳು ಸಾವಿರಾರು ಪುಟಗಳಷ್ಟು ಬೆಳೆದರೂ ಕಥೆಯೊಳಗಿನ ಕಾಲ ಅಷ್ಟು ಬೇಗ ಸಾಗಿರಲಿಲ್ಲ. ಮಕ್ಕಳು ದೊಡ್ಡವರಾಗಬೇಕಿತ್ತು, ಡ್ರ್ಯಾಗನ್‌ಗಳೂ ಬೆಳೆಯಬೇಕಿತ್ತು.

ಯೋಜನೆ ಕಾಗದದ ಮೇಲೆ ಚೆನ್ನಾಗಿತ್ತು, ಬರೆಯಲು ಕುಳಿತಾಗ ಕೈಕೊಟ್ಟಿತು. ಗುರುಗಳ ಬಳಿ ವಿದ್ಯೆ ಕಲಿಯುತ್ತಿರುವ ಆರ್ಯಾ ಅಥವಾ ಬ್ರಾನ್ ಐದು ವರ್ಷ ಕಣ್ಮರೆಯಾಗಿದ್ದು, ಕಲಿತವರಾಗಿ ಮರಳಿದರೆ ಓದುಗ ಒಪ್ಪುತ್ತಾನೆ. ಆದರೆ ಆಗತಾನೇ ಗಡಿಗೋಡೆಯ ಕಾವಲು ಪಡೆಗೆ ಅಧಿಪತಿಯಾದ ಜಾನ್ ಸ್ನೋ, ಐದು ವರ್ಷ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ ಎಂದು ಹೇಗೆ ಹೇಳಿಯಾನು? ಗಂಡ, ಹಿರಿಯ ಮಗ, ತಂದೆ ಮೂವರನ್ನೂ ಕಳೆದುಕೊಂಡು ಅಧಿಕಾರ ಹಿಡಿದ ಸರ್ಸಿ ರಾಣಿ ಐದು ವರ್ಷ ಸುಮ್ಮನೆ ಕುಳಿತಿದ್ದಳೆಂದರೆ ಯಾರು ನಂಬುತ್ತಾರೆ? ನಡುವಿನ ಘಟನೆಗಳನ್ನು ನೆನಪುಗಳ ಮೂಲಕ ಹೇಳಹೊರಟಾಗ, ವರ್ತಮಾನಕ್ಕಿಂತ ನೆನಪುಗಳೇ ಹೆಚ್ಚಾದವು. ಕೊನೆಗೆ, ಒಂದು ವರ್ಷದಷ್ಟು ಕಾಲದ ಬರವಣಿಗೆಯನ್ನು ಬದಿಗಿಟ್ಟು, 2001ರಲ್ಲಿ ಮಾರ್ಟಿನ್ ಈ ಅಂತರವನ್ನೇ ಕೈಬಿಟ್ಟರು. ಹಾರಿಹೋಗಬೇಕಿದ್ದ ಕಾಲವನ್ನು ಈಗ ನಡೆದೇ ದಾಟಬೇಕಾಯಿತು. ನಾಲ್ಕನೆಯ ಸಂಪುಟದ ನಿಧಾನಗತಿಯ ಬೇರು ಇಲ್ಲಿದೆ: ಯಾವುದನ್ನು ಬಿಟ್ಟುಬಿಡಬಹುದೆಂದು ಲೇಖಕರು ಒಮ್ಮೆ ಭಾವಿಸಿದ್ದರೋ ಅದೇ ಈ ಪುಸ್ತಕದ ವಸ್ತುವಾಯಿತು.

ಹೀಗೆ ಬರೆಯಹೊರಟ ಕಥೆ ಒಂದೇ ಸಂಪುಟದಲ್ಲಿ ಹಿಡಿಯದಷ್ಟು ಬೆಳೆದಾಗ ಎರಡನೆಯ ನಿರ್ಧಾರ ಬಂದಿತು. ಎಲ್ಲ ಪಾತ್ರಗಳ ಕಥೆಯನ್ನು ಅರ್ಧಕ್ಕೆ ಕತ್ತರಿಸಿ ‘ಮುಂದುವರಿಯುವುದು’ ಎಂದು ನಿಲ್ಲಿಸಬಹುದಿತ್ತು. ಅದರ ಬದಲು ಅರ್ಧದಷ್ಟು ಪಾತ್ರಗಳ ಕಥೆಯನ್ನು ಪೂರ್ತಿಯಾಗಿ ಹೇಳಿ, ಉಳಿದವರನ್ನು ಮುಂದಿನ ಸಂಪುಟಕ್ಕೆ ಇಡಲಾಯಿತು. ರಾಜಧಾನಿ, ನದಿನಾಡು, ಕಬ್ಬಿಣದ್ವೀಪಗಳು, ದಕ್ಷಿಣದ ಡೋರ್ನ್ ನಾಡು, ಬ್ರಾವೋಸ್ ಇವು 2005ರ ನಾಲ್ಕನೆಯ ಸಂಪುಟದಲ್ಲಿ ಬಂದರೆ, ಗಡಿಗೋಡೆ ಮತ್ತು ಸಮುದ್ರದಾಚೆಯ ಡೆನೇರಿಸಳ ಕಥೆ ‘ಎ ಡ್ಯಾನ್ಸ್ ವಿತ್ ಡ್ರ್ಯಾಗನ್ಸ್’ಗೆ ಹೋದವು. ಎರಡೂ ಸಂಪುಟಗಳು ಬಹುಮಟ್ಟಿಗೆ ಒಂದೇ ಕಾಲದಲ್ಲಿ ನಡೆಯುತ್ತವೆ. ಐದನೆಯದು ತನ್ನ ಕೊನೆಯ ಭಾಗದಲ್ಲಷ್ಟೇ ನಾಲ್ಕನೆಯದನ್ನು ದಾಟಿ ಮುಂದೆ ಹೋಗುತ್ತದೆ. ಆದ್ದರಿಂದ ಇವನ್ನು ಹಿಂದೆ ಮುಂದೆ ನಿಂತ ಎರಡು ಪುಸ್ತಕಗಳೆನ್ನುವುದಕ್ಕಿಂತ ಅಕ್ಕಪಕ್ಕ ನಿಂತ ಎರಡು ಪುಸ್ತಕಗಳೆನ್ನುವುದು ಸರಿ.

ನಾಲ್ಕನೆಯ ಸಂಪುಟದ ಕೊನೆಯಲ್ಲಿದ್ದ ಟಿಪ್ಪಣಿಯಲ್ಲಿ ಮಾರ್ಟಿನ್ ಈ ವಿಭಜನೆಯನ್ನು ವಿವರಿಸಿ, ಮುಂದಿನ ಸಂಪುಟ ಮರುವರ್ಷವೇ ಬರಲೆಂದು ಹಾರೈಸಿದ್ದರು. ಅದು ಬಂದದ್ದು 2011ರ ಜುಲೈನಲ್ಲಿ. ಅಂದರೆ 2000ದಲ್ಲಿ ಟಿರಿಯನ್ ತಂದೆಯನ್ನು ಕೊಂದು ಓಡಿಹೋದ ಅಧ್ಯಾಯವನ್ನು ಓದಿದವರು, ಅವನ ಮುಂದಿನ ಅಧ್ಯಾಯಕ್ಕಾಗಿ ಹನ್ನೊಂದು ವರ್ಷ ಕಾಯಬೇಕಾಯಿತು. ಈ ಸಂಪುಟದ ಬಗೆಗಿನ ಕಟುವಾದ ಅಭಿಪ್ರಾಯಗಳಲ್ಲಿ ಎಷ್ಟು ಪಾಲು ಪುಸ್ತಕಕ್ಕೆ ಸಲ್ಲಬೇಕು, ಎಷ್ಟು ಆ ಕಾಯುವಿಕೆಗೆ ಸಲ್ಲಬೇಕು ಎಂಬುದನ್ನು ಬೇರ್ಪಡಿಸುವುದು ಸುಲಭವಲ್ಲ. ಐದೂ ಸಂಪುಟಗಳನ್ನು ಸಾಲಾಗಿ ಜೋಡಿಸಿಟ್ಟುಕೊಂಡು ಓದುವವನಿಗೆ ಆ ಹನ್ನೊಂದು ವರ್ಷ ಒಂದೆರಡು ವಾರಗಳ ವಿಷಯ. ಅವನು ಓದುವ ಪುಸ್ತಕವೂ 2005ರ ಓದುಗ ಓದಿದ ಪುಸ್ತಕವೂ ಅಕ್ಷರಶಃ ಒಂದೇ ಆಗಿದ್ದರೂ ಅನುಭವದಲ್ಲಿ ಒಂದಲ್ಲ.

ಇನ್ನು ಪುಸ್ತಕದ ಒಳಗೆ ಹೋಗೋಣ. ಮುನ್ನುಡಿಯ ಅಧ್ಯಾಯವನ್ನು ಬಿಟ್ಟರೆ ಇದರಲ್ಲಿ 45 ಅಧ್ಯಾಯಗಳಿವೆ. ಸರಣಿಯ ಉಳಿದೆಡೆಯಂತೆ ಇಲ್ಲೂ ಪ್ರತಿ ಅಧ್ಯಾಯ ಒಬ್ಬ ಪಾತ್ರದ ಕಣ್ಣಿನಿಂದಲೇ ಲೋಕವನ್ನು ನೋಡುತ್ತದೆ. ಸರ್ಸಿಗೆ ಹತ್ತು, ಯೋಧೆ ಬ್ರಿಯೆನ್‌ಗೆ ಎಂಟು, ಸರ್ಸಿಯ ಅವಳಿ ತಮ್ಮ ಜೇಮಿಗೆ ಏಳು ಅಧ್ಯಾಯಗಳಿದ್ದು, ಅರ್ಧಕ್ಕಿಂತ ಹೆಚ್ಚು ಪುಸ್ತಕ ಈ ಮೂವರದೇ. ಇವರಲ್ಲಿ ಸರ್ಸಿಗೂ ಬ್ರಿಯೆನ್‌ಗೂ ಹಿಂದಿನ ಸಂಪುಟಗಳಲ್ಲಿ ಒಂದು ಅಧ್ಯಾಯವೂ ಇರಲಿಲ್ಲ.

ದೂರುಗಳೆಲ್ಲ ಹೆಚ್ಚಾಗಿ ಬಂದು ಸೇರುವುದು ಬ್ರಿಯೆನ್‌ಳ ಅಧ್ಯಾಯಗಳ ಮೇಲೆ. ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಅವಳು ಕಾಣೆಯಾದ ಸಾನ್ಸಾಳನ್ನು ಹುಡುಕುತ್ತ ಹೊರಡುತ್ತಾಳೆ. ಸಾನ್ಸಾ ಎಲ್ಲಿದ್ದಾಳೆಂಬುದು ಓದುಗನಿಗೆ ಮೊದಲೇ ಗೊತ್ತು. ಬ್ರಿಯೆನ್ ಹೋಗುತ್ತಿರುವ ದಾರಿ ತಪ್ಪೆಂಬುದೂ ಗೊತ್ತು. ಎಂಟು ಅಧ್ಯಾಯಗಳ ಕಾಲ, ಸಿಗದವಳನ್ನು ಹುಡುಕುವವಳ ಹಿಂದೆ ಓದುಗ ನಡೆಯಬೇಕೆಂದರೆ ಬೇಸರ ಸಹಜ. ಹುಡುಕಾಟವನ್ನೇ ಕಥೆಯೆಂದು ಭಾವಿಸಿದರೆ ಈ ದೂರಿಗೆ ಉತ್ತರವಿಲ್ಲ. ಆದರೆ ಮಾರ್ಟಿನ್ ಆ ಗುಟ್ಟನ್ನು ಮೊದಲೇ ಬಿಟ್ಟುಕೊಟ್ಟಿರುವುದನ್ನು ಗಮನಿಸಬೇಕು. ಸಾನ್ಸಾಳ ಮೂರು ಅಧ್ಯಾಯಗಳನ್ನು ಇದೇ ಸಂಪುಟದಲ್ಲಿ ಇಟ್ಟು, ಕುತೂಹಲದ ಆಸರೆಯನ್ನು ಅವರೇ ಕಿತ್ತುಹಾಕಿದ್ದಾರೆ. ಸಿಕ್ಕಾಳೋ ಇಲ್ಲವೋ ಎಂಬ ಪ್ರಶ್ನೆ ಹೋದ ಮೇಲೆ ಓದುಗನ ಕಣ್ಣಿಗೆ ಉಳಿಯುವುದು ದಾರಿಯೊಂದೇ. ಆ ದಾರಿಯಲ್ಲಿ ಸುಟ್ಟ ಊರುಗಳಿವೆ, ಮರಗಳಲ್ಲಿ ತೂಗುವ ಹೆಣಗಳಿವೆ, ಅನಾಥ ಮಕ್ಕಳೇ ತುಂಬಿರುವ ತಂಗುಮನೆಯಿದೆ. ಹಿಂದಿನ ಮೂರು ಸಂಪುಟಗಳಲ್ಲಿ ರಾಜರೂ ಸೇನಾನಿಗಳೂ ಭೂಪಟದ ಮೇಲೆ ಬೆರಳಿಟ್ಟು ತೀರ್ಮಾನಿಸಿದ ದಂಡಯಾತ್ರೆಗಳು ನೆಲದ ಮೇಲೆ ಏನು ಮಾಡಿದವೆಂಬುದನ್ನು ಕಾಲ್ನಡಿಗೆಯ ವೇಗದಲ್ಲಿ ನೋಡಿಸುವುದಕ್ಕೆ ಬ್ರಿಯೆನ್‌ಗಿಂತ ತಕ್ಕ ಕಣ್ಣು ಬೇರೊಂದಿಲ್ಲ, ಏಕೆಂದರೆ ಆ ಯುದ್ಧದಲ್ಲಿ ಗೆದ್ದ ಪಕ್ಷವಾಗಲಿ ಸೋತ ಪಕ್ಷವಾಗಲಿ ಈಗ ಅವಳದಲ್ಲ.

ಈ ಪಯಣದ ನಡುವೆ ಸೆಪ್ಟನ್ ಮೆರಿಬಾಲ್ಡ್ ಎಂಬ ಬರಿಗಾಲಿನ ಸಂಚಾರಿ ಪುರೋಹಿತ ಜೊತೆಗೂಡುತ್ತಾನೆ. ದಾರಿಯಲ್ಲಿ ಎದುರಾಗಬಹುದಾದ ದರೋಡೆಕೋರರ ಮಾತು ಬಂದಾಗ, ಅವರಲ್ಲಿ ಹಲವರು ದುಷ್ಟರಲ್ಲ, ಮುರಿದುಹೋದವರು ಎಂದು ಅವನು ಬಿಡಿಸಿ ಹೇಳುತ್ತಾನೆ. ಊರ ಗಡಿಯನ್ನೇ ದಾಟದ ರೈತನ ಮಗ ಒಡೆಯನ ಕರೆಗೆ ಓಗೊಟ್ಟು, ಅಣ್ಣತಮ್ಮಂದಿರೊಡನೆ ಹಬ್ಬಕ್ಕೆ ಹೊರಟಂತೆ ಯುದ್ಧಕ್ಕೆ ಹೊರಡುತ್ತಾನೆ. ಮೊದಲ ಕಾಳಗದ ರುಚಿಯೇ ಕೆಲವರನ್ನು ಮುರಿಯುತ್ತದೆ, ಕೆಲವರು ನೂರು ಕಾಳಗ ಕಂಡು ನೂರೊಂದನೆಯದರಲ್ಲಿ ಮುರಿಯುತ್ತಾರೆ. ಕೊನೆಗೆ ತಾನು ಎಲ್ಲಿದ್ದೇನೆ, ಮನೆಗೆ ದಾರಿ ಯಾವುದು ಎಂಬುದೂ ತಿಳಿಯದೆ, ಯಾರಿಗಾಗಿ ಕಾದಾಡುತ್ತಿದ್ದೇನೋ ಆ ಒಡೆಯನಿಗೆ ತನ್ನ ಹೆಸರೂ ಗೊತ್ತಿಲ್ಲವೆಂಬ ಅರಿವಿನೊಡನೆ ಕಾಡು ಸೇರುತ್ತಾನೆ. ಮಾತು ಮುಗಿಯುವಾಗ ಮೆರಿಬಾಲ್ಡ್ ಹೇಳಿದ್ದು ತನ್ನದೇ ಬಾಲ್ಯದ ಕಥೆಯೆಂಬುದು ತಿಳಿಯುತ್ತದೆ. ಕಥೆಯ ಮುನ್ನಡೆಗೆ ಈ ಭಾಷಣದಿಂದ ಏನೂ ಆಗುವುದಿಲ್ಲ. ತೆಗೆದುಹಾಕಿದರೆ ಯಾವ ಘಟನೆಯೂ ಬದಲಾಗುವುದಿಲ್ಲ. ಆದರೂ ಇಡೀ ಸರಣಿಯಲ್ಲಿ ಒಂದೇ ಪುಟವನ್ನು ಉಳಿಸಿಕೊಳ್ಳಬೇಕೆಂದು ಯಾರಾದರೂ ಕೇಳಿದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ.

ಕನ್ನಡದ ಓದುಗರಿಗೆ ಇಲ್ಲಿ ಹಳೆಯದೊಂದು ನೆನಪು ಸುಳಿಯುವುದು ಸಹಜ. ರನ್ನನ ಕಾವ್ಯದಲ್ಲಿ ದುರ್ಯೋಧನ ಸಂಜಯನೊಡನೆ ಹೆಣಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ ರಣರಂಗವನ್ನು ದಾಟುವ ಭಾಗವನ್ನು, ಕಥೆ ಮುಂದಕ್ಕೆ ಹೋಗುತ್ತಿಲ್ಲವೆಂದು ಯಾರೂ ದೂರುವುದಿಲ್ಲ. ಹಾಗೆಯೇ, ವ್ಯಾಸಭಾರತದ ಹದಿನೆಂಟು ಪರ್ವಗಳಲ್ಲಿ ಕುಮಾರವ್ಯಾಸ ಕನ್ನಡಕ್ಕೆ ತಂದದ್ದು ಗದಾಪರ್ವದವರೆಗಿನ ಹತ್ತನ್ನು. ಯುದ್ಧಾನಂತರದ ಶಾಂತಿಪರ್ವ ಮೊದಲಾದವನ್ನು ಬರೆದು ಮುಗಿಸಿದವನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ. ಕುಮಾರವ್ಯಾಸನನ್ನು ಬಾಯಿಪಾಠ ಹೇಳುವವರಲ್ಲಿ ತಿಮ್ಮಣ್ಣನನ್ನು ತೆರೆದು ನೋಡಿದವರೆಷ್ಟು ಮಂದಿ? ಯುದ್ಧ ಮುಗಿದ ಮೇಲಿನ ಭಾಗಕ್ಕೆ ಓದುಗರು ಕಡಿಮೆಯಾಗುವುದು ಇಂದಿನ ಫ್ಯಾಂಟಸಿ ಸರಣಿಗಳಿಂದ ಶುರುವಾದದ್ದಲ್ಲ.

ಸರ್ಸಿಯ ಅಧ್ಯಾಯಗಳ ಕೆಲಸ ಬೇರೆ. ಅಲ್ಲಿಯವರೆಗೆ ಅವಳನ್ನು ನಾವು ಅವಳ ವೈರಿಗಳ, ಬಲಿಪಶುಗಳ, ಪ್ರೇಮಿಯ ಕಣ್ಣಿನಿಂದ ನೋಡಿದ್ದೆವು, ಹಾಗಾಗಿ ಅವಳು ತೂಗಿ ಲೆಕ್ಕಹಾಕಿ ನಡೆಯುವ ಚತುರೆಯಂತೆ ಕಂಡಿದ್ದಳು. ಅವಳ ಮನಸ್ಸಿನೊಳಗೆ ಕಾಲಿಟ್ಟ ಮೊದಲ ಪುಟದಿಂದಲೇ ಆ ಚಿತ್ರ ಒಡೆಯುತ್ತದೆ. ತಾನೇ ತಂದೆ ಟೈವಿನ್‌ನ ನಿಜವಾದ ವಾರಸುದಾರಳೆಂದು ಅವಳು ನಂಬಿದ್ದಾಳೆ. ಆದರೆ ಚಿಕ್ಕಂದಿನಲ್ಲಿ ಕೇಳಿದ ಭವಿಷ್ಯವಾಣಿಯೊಂದರ ಭಯ ಅವಳ ಪ್ರತಿ ತೀರ್ಮಾನವನ್ನೂ ತಿರುಚುತ್ತಿದೆ. ಸಮರ್ಥರನ್ನು ದೂರವಿಟ್ಟು ಹೊಗಳುಭಟರನ್ನು ಮಂತ್ರಿಮಂಡಲಕ್ಕೆ ಸೇರಿಸಿಕೊಳ್ಳುತ್ತಾಳೆ, ಆಮೇಲೆ ಸಲಹೆಗಾರರೆಲ್ಲ ದಡ್ಡರೆಂದು ಸಿಟ್ಟಾಗುತ್ತಾಳೆ. ಅವಳ ಕಣ್ಣಿನಿಂದಲೇ ನೋಡುತ್ತಿದ್ದರೂ ಅವಳಿಗೆ ಕಾಣದ್ದು ನಮಗೆ ಕಾಣುತ್ತದೆ. ಈ ಬಗೆಯ ಬರವಣಿಗೆ ಹೊರನೋಟಕ್ಕೆ ಸುಲಭವೆನಿಸಿದರೂ ಹತ್ತು ಅಧ್ಯಾಯಗಳ ಕಾಲ ಅದನ್ನು ತಪ್ಪದೆ ನಡೆಸುವುದು ಕಷ್ಟ, ಮತ್ತು ನನ್ನ ಅಂದಾಜಿನಲ್ಲಿ ಮಾರ್ಟಿನ್ ಅವರ ಕುಶಲತೆ ಅತ್ಯಂತ ಹರಿತವಾಗಿರುವುದು ಇಲ್ಲೇ.

ಇದರಲ್ಲಿ ಸಾಲದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬಹಳಷ್ಟು ಓದುಗರು ಅದನ್ನು ಒಣ ವಿವರವೆಂದು ದಾಟಿಬಿಡುತ್ತಾರೆ. ಸಿಂಹಾಸನದ ಮೇಲೆ 60 ಲಕ್ಷಕ್ಕೂ ಹೆಚ್ಚು ಚಿನ್ನದ ನಾಣ್ಯಗಳ ಸಾಲವಿದೆಯೆಂಬುದು ಮೊದಲ ಸಂಪುಟದಲ್ಲೇ ಬರುವ ಮಾತು. ಅದರಲ್ಲಿ ಸುಮಾರು ಅರ್ಧ ಲ್ಯಾನಿಸ್ಟರ್ ಮನೆತನದ್ದೇ. ಉಳಿದುದರಲ್ಲಿ ಬ್ರಾವೋಸ್‌ನ ಐರನ್ ಬ್ಯಾಂಕ್ ಮತ್ತು ಧರ್ಮಪೀಠ ಇವೂ ಸಾಲದಾತರು. ಆಗ ಅದು ರಾಜನ ದುಂದುಗಾರಿಕೆಯನ್ನು ಸೂಚಿಸುವ ಒಂದು ಅಂಕಿಯಷ್ಟೇ ಆಗಿತ್ತು. ನಾಲ್ಕನೆಯ ಸಂಪುಟದಲ್ಲಿ ಆ ಅಂಕಿಗೆ ಜೀವ ಬರುತ್ತದೆ. ಯುದ್ಧ ಪೂರ್ತಿ ಮುಗಿಯುವವರೆಗೆ ಬ್ಯಾಂಕಿಗೆ ಹಣ ಕಟ್ಟುವುದಿಲ್ಲವೆಂದು ಸರ್ಸಿ ತೀರ್ಮಾನಿಸುತ್ತಾಳೆ. ಬ್ಯಾಂಕು ಹೊಸ ಸಾಲ ನಿಲ್ಲಿಸಿ ಹಳೆಯ ಸಾಲಗಳನ್ನು ವಸೂಲಿಗೆ ಹಾಕುತ್ತದೆ, ಅದರ ಬಿಸಿ ದೇಶದ ವರ್ತಕರಿಗೆಲ್ಲ ತಟ್ಟುತ್ತದೆ. ಧರ್ಮಪೀಠಕ್ಕೆ ಸಲ್ಲಬೇಕಾದ ಒಂಬತ್ತು ಲಕ್ಷದಷ್ಟು ನಾಣ್ಯಗಳ ಸಾಲವನ್ನು ಮನ್ನಾ ಮಾಡಿಸಿಕೊಳ್ಳಲು, ಹಿಂದಿನ ಅರಸರು ಬಹುಕಾಲದ ಹಿಂದೆಯೇ ಕಿತ್ತುಕೊಂಡಿದ್ದ ಆಯುಧ ಹಿಡಿಯುವ ಹಕ್ಕನ್ನು ಅವಳು ಪೀಠಕ್ಕೆ ಮರಳಿ ಕೊಡುತ್ತಾಳೆ. ಒಂದೇ ಮಾತಿನಲ್ಲಿ ಸಾಲ ತೀರಿತೆಂದು ಬೀಗುತ್ತಾಳೆ. ಯುದ್ಧದಲ್ಲಿ ಮನೆಮಠ ಕಳೆದುಕೊಂಡು ರಾಜಧಾನಿಗೆ ಬಂದು ಬಿದ್ದಿದ್ದ ಬಡವರು ಆ ಆಯುಧಗಳನ್ನು ಹಿಡಿಯುತ್ತಾರೆ, ಪುಸ್ತಕ ಮುಗಿಯುವ ಮೊದಲು ಅದೇ ಪೀಠ ಅವಳನ್ನೇ ಸೆರೆಗೆ ಹಾಕುತ್ತದೆ. ಇನ್ನು ಬ್ಯಾಂಕಿನ ಪ್ರತಿನಿಧಿ ಐದನೆಯ ಸಂಪುಟದಲ್ಲಿ ಸರ್ಸಿಯ ಶತ್ರುವಾದ ಸ್ಟಾನಿಸ್‌ನನ್ನು ಹುಡುಕಿಕೊಂಡು ಹಿಮದ ನಾಡಿಗೆ ಹೋಗುತ್ತಾನೆ. ಬ್ರಿಯೆನ್ ದಾರಿಯಲ್ಲಿ ಕಂಡ ನಿರಾಶ್ರಿತರೂ ರಾಜಧಾನಿಯಲ್ಲಿ ಸರ್ಸಿಯನ್ನು ಸುತ್ತುಗಟ್ಟುವವರೂ ಒಂದೇ ಜನ. ಬೇರೆ ಬೇರೆಯಾಗಿ ಕಾಣುವ ಎರಡು ಕಥೆಗಳನ್ನು ಹೊಲಿದಿರುವ ದಾರ ಇದು. ಆತುರದ ಓದಿನಲ್ಲಿ ಕಣ್ಣಿಗೆ ಬೀಳುವುದಿಲ್ಲ.

ಜೇಮಿಯ ಭಾಗದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅದನ್ನು ಇಷ್ಟಪಡದವರು ವಿರಳ. ಬಲಗೈ ಕಳೆದುಕೊಂಡ ಕತ್ತಿವರಸೆಯ ವೀರ ರಿವರ್‌ರನ್ ಕೋಟೆಯನ್ನು ಕತ್ತಿಯಿಲ್ಲದೆ ಬರಿಯ ಬೆದರಿಕೆಯ ಮಾತಿನಿಂದ ಗೆಲ್ಲುತ್ತಾನೆ. ಸೆರೆಯಲ್ಲಿರುವ ಅಕ್ಕ ಸರ್ಸಿ, ತನ್ನನ್ನು ಉಳಿಸು ಎಂದು ಬರೆದ ಕಾಗದ ಬಂದಾಗ, ಹೊರಗೆ ಹಿಮ ಬೀಳುತ್ತಿರುವುದನ್ನು ನೋಡುತ್ತ, ಅದನ್ನು ಬೆಂಕಿಗೆ ಹಾಕಿಸುತ್ತಾನೆ.

ಈಗ ಸೋಲಿನ ಮಾತು. ಕಬ್ಬಿಣದ್ವೀಪಗಳಿಗೆ ಐದು, ಡೋರ್ನ್‌ಗೆ ನಾಲ್ಕು ಅಧ್ಯಾಯಗಳು, ಅಂದರೆ ಐದರಲ್ಲಿ ಒಂದು ಪಾಲು, ಅದುವರೆಗೆ ನಾವು ಒಳಹೊಕ್ಕು ನೋಡದ ಆರು ಪಾತ್ರಗಳ ಕಣ್ಣಿನಿಂದ ಸಾಗುತ್ತವೆ. ಸರ್ ಆರಿಸ್ ಓಕ್‌ಹಾರ್ಟ್ ಎಂಬವನಿಗೆ ಒಂದೇ ಅಧ್ಯಾಯವಿದ್ದು, ಅದು ಮುಗಿದ ಸ್ವಲ್ಪದರಲ್ಲೇ ಅವನು ಸಾಯುತ್ತಾನೆ. ಈ ಹೊಸಬರ ಅಧ್ಯಾಯಗಳಿಗೆ ಪಾತ್ರದ ಹೆಸರಿನ ಬದಲು ‘ಪ್ರವಾದಿ’, ‘ಕಾವಲುಗಾರರ ನಾಯಕ’ ಎಂಬಂಥ ಬಿರುದುಗಳನ್ನೇ ಶೀರ್ಷಿಕೆಯಾಗಿ ಕೊಟ್ಟಿರುವುದರಿಂದ, ಯಾರ ಜೊತೆಗಿದ್ದೇವೆಂಬುದೇ ಮೊದಲಿಗೆ ಗೊಂದಲ. ಇದೇ ತಂತ್ರ ಹಳೆಯ ಪಾತ್ರಗಳಲ್ಲಿ ಅದ್ಭುತವಾಗಿ ಫಲಿಸಿದೆ: ಸಾನ್ಸಾಳ ಮೊದಲ ಅಧ್ಯಾಯಕ್ಕೆ ಅವಳದೇ ಹೆಸರಿದ್ದು, ಮುಂದಿನ ಎರಡಕ್ಕೆ ಅವಳ ಸುಳ್ಳು ಹೆಸರಾದ ಅಲೇನ್ ಎಂದಿರುವುದು, ಅವಳು ಒಳಗಿನಿಂದಲೇ ತನ್ನನ್ನು ಮರೆಯುತ್ತಿರುವುದನ್ನು ಒಂದು ಮಾತೂ ಆಡದೆ ಹೇಳಿಬಿಡುತ್ತದೆ. ಹೊಸಬರಿಗೆ ಕಳೆದುಕೊಳ್ಳಲು ಹೆಸರೇ ಇಲ್ಲವಾದ್ದರಿಂದ ಅಲ್ಲಿ ಅದು ಬರಿಯ ಅಲಂಕಾರ. ಡೋರ್ನ್‌ನ ರಾಜಕುಮಾರ ಡೋರಾನ್ ಬಹುಕಾಲದ ತನ್ನ ಸಂಚನ್ನು ಮಗಳಿಗೆ ಬಿಚ್ಚಿಡುವ ದೃಶ್ಯ ಬಲವಾಗಿದೆ, ನಿಜ. ಆದರೆ ಆ ಸಂಚಿನ ಫಲ ಕಾಣುವುದು ಮುಂದಿನ ಸಂಪುಟದಲ್ಲಿ. ಕಬ್ಬಿಣದ್ವೀಪಗಳಲ್ಲಿ ಯೂರಾನ್ ಗ್ರೇಜಾಯ್ ಪಟ್ಟಕ್ಕೇರುವ ಸಭೆಯೂ ಹಾಗೆಯೇ, ಸದ್ದು ಬಹಳ, ಇದೇ ಪುಸ್ತಕದೊಳಗೆ ಪರಿಣಾಮ ಸ್ವಲ್ಪ. ಯುದ್ಧಾನಂತರದ ಅವಶೇಷಗಳನ್ನು ನೋಡುವ ಪುಸ್ತಕದೊಳಕ್ಕೆ ಮುಂದಿನ ಯುದ್ಧದ ಸಿದ್ಧತೆ ನುಗ್ಗಿದಂತಿರುವ ಈ ಒಂಬತ್ತು ಅಧ್ಯಾಯಗಳನ್ನು ಸಮರ್ಥಿಸಲು ನನ್ನಿಂದಾಗಿಲ್ಲ. ಮೂಲ ಸರಣಿಯನ್ನು ಆಧರಿಸಿದ ಟಿವಿ ಧಾರಾವಾಹಿ ‘ಗೇಮ್ ಆಫ್ ಥ್ರೋನ್ಸ್’ 2015ರ ತನ್ನ ಐದನೆಯ ಕಂತುಮಾಲೆಯಲ್ಲಿ ಎರಡೂ ಸಂಪುಟಗಳನ್ನು ಬೆರೆಸಿ ಇವುಗಳಲ್ಲಿ ಬಹುಭಾಗವನ್ನು ಕತ್ತರಿಸಿತು, ಜೊತೆಗೆ ಬ್ರಿಯೆನ್‌ಳ ಪಯಣವನ್ನೂ ಕತ್ತರಿಸಿತು. ಮೊದಲನೆಯದು ಅರ್ಥವಾಗುತ್ತದೆ, ಎರಡನೆಯದು ನಷ್ಟ.

ಎರಡೂ ಸಂಪುಟಗಳ ಅಧ್ಯಾಯಗಳನ್ನು ಕಾಲಾನುಕ್ರಮದಲ್ಲಿ ಹೆಣೆದು, ಒಂದೇ ಬೃಹತ್ ಪುಸ್ತಕದಂತೆ ಓದುವ ಪಟ್ಟಿಗಳನ್ನು ಅಭಿಮಾನಿಗಳು ಸಿದ್ಧಪಡಿಸಿದ್ದಾರೆ. ಹೊಸ ಓದುಗರು ಯಾವ ಕ್ರಮ ಹಿಡಿಯಬೇಕೆಂದು ಕೇಳಿದರೆ, ಮೊದಲ ಓದಿಗೆ ಪ್ರಕಟಣೆಯ ಕ್ರಮವನ್ನೇ ನಾನು ಹೇಳುತ್ತೇನೆ. ಕಾರಣಕ್ಕೆ ಒಂದು ಉದಾಹರಣೆ ಸಾಕು. ಜಾನ್ ಸ್ನೋನ ಆಜ್ಞೆಯಂತೆ ಕಾವಲು ಪಡೆಯ ಸಾಮ್‌ವೆಲ್ ಟಾರ್ಲಿ, ಗಿಲ್ಲಿ ಎಂಬ ತಾಯಿಯನ್ನೂ ಅವಳ ಕೂಸನ್ನೂ ವೃದ್ಧ ಏಮನ್‌ನನ್ನೂ ಕರೆದುಕೊಂಡು ಹಡಗಿನಲ್ಲಿ ಹೊರಡುತ್ತಾನೆ. ಗಿಲ್ಲಿ ಹಗಲಿರುಳೂ ಅಳುತ್ತಾಳೆ. ಸಮುದ್ರದ ಭಯವೆಂದು ಸಾಮ್ ಭಾವಿಸುತ್ತಾನೆ, ಓದುಗನೂ ಹಾಗೆಯೇ ಭಾವಿಸುತ್ತಾನೆ. ಅವಳ ತೋಳಿನಲ್ಲಿರುವುದು ಅವಳ ಮಗುವಲ್ಲ, ಬೇರೊಬ್ಬಳ ಕೂಸನ್ನು ಬಲಿಯಿಂದ ತಪ್ಪಿಸಲು ಜಾನ್ ಅದಲುಬದಲು ಮಾಡಿಸಿದ್ದಾನೆ ಎಂಬುದು ತಡವಾಗಿ ಹೊಳೆಯುತ್ತದೆ. ಆಗ ಜಾನ್ ಕ್ರೂರಿಯಂತೆ ಕಾಣುತ್ತಾನೆ. ಐದನೆಯ ಸಂಪುಟದಲ್ಲಿ ಅದೇ ಆಜ್ಞೆ ಕೊಡುವ ಜಾನ್‌ನ ಮನಸ್ಸಿನೊಳಗೆ ನಾವಿರುತ್ತೇವೆ, ಅವನು ಯಾವ ಬೆಲೆ ತೆತ್ತು ಆ ಕಠೋರತೆಯನ್ನು ತಂದುಕೊಂಡನೆಂಬುದು ಕಾಣುತ್ತದೆ. ಹೆಣೆದ ಕ್ರಮದಲ್ಲಿ ಆಜ್ಞೆ ಮೊದಲು, ಅಳು ಆಮೇಲೆ ಬರುತ್ತದೆ. ತಿಳಿವಳಿಕೆ ಅಷ್ಟೇ ಇದ್ದರೂ, ಮೊದಲು ತಪ್ಪಾಗಿ ತೀರ್ಪು ಕೊಟ್ಟು ಆಮೇಲೆ ಅದನ್ನು ಹಿಂತೆಗೆದುಕೊಳ್ಳುವ ಅನುಭವ ಓದುಗನಿಗೆ ತಪ್ಪಿಹೋಗುತ್ತದೆ.

ಪುಸ್ತಕದ ತುದಿಮೊದಲುಗಳ ಬಗ್ಗೆ ಇನ್ನೊಂದು ಮಾತು. ಮುನ್ನುಡಿಯ ಅಧ್ಯಾಯದಲ್ಲಿ ಓಲ್ಡ್‌ಟೌನ್ ನಗರದ ವಿದ್ಯಾಪೀಠದಲ್ಲಿ ಕಲಿಯುತ್ತಿರುವ ಪೇಟ್ ಎಂಬ ಸಾಮಾನ್ಯ ಹುಡುಗನಿದ್ದಾನೆ. ಕಥೆಗಳಲ್ಲಿ ಬರುವ ಹಂದಿ ಕಾಯುವ ಹುಡುಗನ ಹೆಸರೇ ತನಗೂ ಇರುವುದು ಅವನಿಗೊಂದು ಸಂಕಟ. ಕದ್ದ ಬೀಗದ ಕೈಯೊಂದನ್ನು ಅಪರಿಚಿತನಿಗೆ ಮಾರಿ, ಸಿಕ್ಕ ಚಿನ್ನದ ನಾಣ್ಯವನ್ನು ಕಚ್ಚಿ ನೋಡಿ, ಕೆಲವೇ ಹೆಜ್ಜೆಗಳಲ್ಲಿ ಕುಸಿದು ಬೀಳುತ್ತಾನೆ. ಸಾವಿರದ ಸಮೀಪದ ಪುಟಗಳ ನಂತರ, ಕಟ್ಟಕಡೆಯ ಅಧ್ಯಾಯದಲ್ಲಿ ಸಾಮ್‌ವೆಲ್ ಅದೇ ವಿದ್ಯಾಪೀಠವನ್ನು ತಲುಪುತ್ತಾನೆ. ಅಲ್ಲಿ ಮಂಕಾದ ಮುಖದ ಒಬ್ಬ ಹುಡುಗ ಅವನಿಗೆ ಕೋಣೆ ತೋರಿಸಲು ಮುಂದೆ ಬಂದು, ತನ್ನ ಹೆಸರು ಪೇಟ್, ಹಂದಿ ಕಾಯುವ ಹುಡುಗನ ಹೆಸರೇ, ಎನ್ನುತ್ತಾನೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಮೊದಲ ಓದಿನಲ್ಲಿ ಟಿರಿಯನ್ ಎಲ್ಲಿದ್ದಾನೆಂದು ತಿಳಿಯುವ ಅವಸರದಲ್ಲಿದ್ದ ನಾನು, ಈ ಹುಡುಗ ಮೊದಲ ಅಧ್ಯಾಯದಲ್ಲೇ ಸತ್ತುಹೋಗಿದ್ದನೆಂಬುದನ್ನು ಗಮನಿಸದೆಯೇ ಪುಸ್ತಕವನ್ನು ಮುಚ್ಚಿದ್ದೆ.